ಬಾಟಲಿಗೆ ಹೋಗಬೇಕಿದ್ದ ಗಂಟು

ದಂತ ವಿಭಾಗಕ್ಕೆ ಹಾಕಿದ್ದಾರೆ ಅಂತ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರು ಮುಖ ಸಣ್ಣ ಮಾಡಿಕೊಂಡು ನನಗೆ ಫೋನ್ ಮಾಡುತ್ತಾರೆ. ಹೆರಿಗೆ ಕೋಣೆಯಲ್ಲಾದರೆ ಪೇಢೆ ಸಿಗುತ್ತದೆ, ಹಲ್ಲಿನ ಕೋಣೆಯಲ್ಲಿ ಏನೂ ಸಿಗುವುದಿಲ್ಲ ಅನ್ನುವುದು ಅವರ ದುಃಖ. ನಿಜ. ಹಲ್ಲು ಕೀಳಿಸಿಕೊಂಡು ಹೋದವರು ಮರಳಿ ಬಂದು ಪೇಢೆ ಹಂಚಿದ್ದನ್ನು ನಾನು ನನ್ನ ಇಡೀ ನೌಕರಿಯಲ್ಲಿ ನೋಡಿಲ್ಲ. ಆದರೂ ಹೇಳುತ್ತೇನೆ, ಅಳಬೇಡಿ. ಬಾಯಿ ಅನ್ನುವುದು ನೋಡುತ್ತ ಹೋದಷ್ಟೂ ಮುಗಿಯದ ಜಾಗ. ನಾನು ಈಗಲೂ ಬಸ್ಸಿನಲ್ಲಿ ಎದುರಿಗೆ ಕೂತವರು ಆಕಳಿಸಿದರೆ ಬಗ್ಗಿ ನೋಡುತ್ತೇನೆ.

ಹೋದ ವರ್ಷ ನಿವೃತ್ತಳಾದೆ. ನನ್ನ ಹುದ್ದೆಗೆ ಕಾಗದದಲ್ಲಿ ‘ಗ್ರೂಪ್ ಡಿ’ ಅಂತ ಹೆಸರು, ರೋಗಿಗಳಿಗೆ ನಾನು ‘ಆಯಾ’. ಓದಿದ್ದು ಏಳನೇ ಇಯತ್ತೆ. ಯಾದಗಿರಿ, ಶಹಾಪುರ, ಸುರಪುರ ಮೂರೂ ಕಡೆ ದುಡಿದೆ. ಈಗ ಬರೆಯುವ ಸಂಗತಿ ಯಾವ ದವಾಖಾನೆಯಲ್ಲಿ ನಡೆಯಿತು ಅಂತ ಹೇಳುವುದಿಲ್ಲ, ಯಾಕೆಂದರೆ ತಪ್ಪು ಪೂರ್ತಿ ನನ್ನದು, ಕಟ್ಟಡಕ್ಕೆ ಅದರಲ್ಲಿ ಪಾಲಿಲ್ಲ. ಹುಣಸಗಿ ಕಡೆಯ ಶಾಂತಮ್ಮ ಅನ್ನುವ ಹೆಣ್ಣುಮಗಳ ಬಾಯಿಯಿಂದ ಡಾಕ್ಟರು ಒಂದು ಗಂಟು ತೆಗೆದರು. ಅದು ಕ್ಯಾನ್ಸರ್ ಹೌದೋ ಅಲ್ಲವೋ ಅಂತ ನೋಡಲು ತಪಾಸಣೆಗೆ ಕಳಿಸಬೇಕಿತ್ತು. ನಾನು ಅದನ್ನು ಅವಳ ಅತ್ತೆಯ ಕೈಗೆ ಕೊಟ್ಟೆ. ಅತ್ತೆ ಒಯ್ದು ಹೂತಳು.

ಹಾಗೆ ಯಾಕೆ ಕೊಟ್ಟೆ ಅಂತ ತಿಳಿಯಬೇಕಾದರೆ ಅದಕ್ಕೂ ಹಿಂದಿನದು ಹೇಳಬೇಕು.

ದಂತ ವಿಭಾಗಕ್ಕೆ ಬರುವ ಮುಂಚೆ ನಾನು ಹದಿನಾಲ್ಕು ವರ್ಷ ಹೆರಿಗೆ ಕೋಣೆಯಲ್ಲಿದ್ದೆ. ಕೂಸು ಹುಟ್ಟಿದ ಮೇಲೆ ಬೀಳುವ ಮಾಸವನ್ನು ನಮ್ಮ ಕಡೆ ಮನೆಯವರು ಕೇಳಿ ಒಯ್ಯುತ್ತಾರೆ. ಮೈಯೊಳಗಿಂದ ಬಂದದ್ದು ಕಸದ ಡಬ್ಬಿಗೆ ಹೋಗಬಾರದು, ತಮ್ಮ ಜಾಗದ ಮಣ್ಣಿಗೇ ಹೋಗಬೇಕು ಅಂತ ಅವರ ನಂಬಿಕೆ. ಬಾಗಿಲಲ್ಲಿ ಒಬ್ಬ ಮುದುಕಿ ಗಡಿಗೆ ಹಿಡಿದು ನಿಂತಿರುತ್ತಾಳೆ. ನಾನು ಮಾಸವನ್ನು ಬಟ್ಟೆಯಲ್ಲಿ ಸುತ್ತಿ ಗಡಿಗೆಗೆ ಹಾಕುತ್ತಿದ್ದೆ. ಹಾಕುವಾಗ ಒಂದು ಮಾತು ಹೇಳುತ್ತಿದ್ದೆ: “ಆಳ ತೋಡ್ರಿ ಅಮ್ಮಾ, ನಾಯಿ ಎಬ್ಬಸಬಾರದು.” ಹದಿನಾಲ್ಕು ವರ್ಷದಲ್ಲಿ ಈ ಮಾತು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಈಗ ಅದಕ್ಕೆಲ್ಲ ದವಾಖಾನೆ ಕಸದ ಹಳದಿ ಚೀಲ ಬಂದಿದೆ, ನಿಯಮ ಬಂದಿದೆ. ಆಗ ಗಡಿಗೆ ಇತ್ತು, ನಾನಿದ್ದೆ.

ಆಮೇಲೆ ಒಂದು ದಿನ ನನ್ನನ್ನು ದಂತ ವಿಭಾಗಕ್ಕೆ ಹಾಕಿದರು. ಯಾಕೆ ಅಂತ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅಲ್ಲಿಯ ಡಾಕ್ಟರ್ ಮೇಡಂ ಮಂಡ್ಯದ ಕಡೆಯವರು. ಸಣ್ಣ ದನಿ. ಮೊದಲ ವಾರ ಒಬ್ಬ ರೈತ ಬಾಗಿಲಲ್ಲೇ ನಿಂತು, “ಏನ್ರಿ, ಹಲ್ಲು ಕೀಳ್ತೀರೋ ಇಲ್ಲೋ, ಇಲ್ಲಂದ್ರ ಹೇಳ್ರಿ, ಹೊಂಟೆ ನಾ” ಅಂದ. ಅವನು ಹೋದ ಮೇಲೆ ಮೇಡಂ ನನ್ನನ್ನು ಕೇಳಿದರು: “ನಾಗಮ್ಮ, ಅವರು ಯಾಕೆ ಅಷ್ಟೊಂದು ಬೈದ್ರು?”

“ಬೈದಿಲ್ರಿ ಮೇಡಂ. ಮಾತಾಡ್ಯಾನ.”

“ಹಾಗಾದರೆ ಬೈದರೆ ಹೇಗಿರುತ್ತೆ?”

“ಅದು ಬ್ಯಾರೇನ ಇರ್ತದ್ರಿ. ಕೇಳಿದ್ರ ನಿಮಗ ಗೊತ್ತಾಗ್ತದ.”

ಮೇಡಂ ನನಗೆ ಮೊದಲ ದಿನ ಕೊಟ್ಟ ತರಬೇತಿ ಒಂದೇ ವಾಕ್ಯದ್ದು: “ನಾನು ಕೇಳಿದ್ದನ್ನ ಕೊಡಿ, ಕೇಳದೇ ಇರೋದನ್ನ ಕೊಡಬೇಡಿ.” ಇಷ್ಟೇ ಆದರೆ ಸುಲಭ ಅಂದುಕೊಂಡೆ. ಆದರೆ ಅವರು ಕೇಳುತ್ತಿದ್ದ ಸಾಮಾನಿನ ಹೆಸರು ಒಂದೂ ನನಗೆ ಗೊತ್ತಿರಲಿಲ್ಲ. ಮೇಲಿನ ದವಡೆಯ ಇಕ್ಕಳ ಕೇಳಿದರೆ ಕೆಳಗಿನದು ಕೊಡುತ್ತಿದ್ದೆ. ಅವರು ಸುಮ್ಮನೆ ವಾಪಸು ಟ್ರೇಯಲ್ಲಿ ಇಟ್ಟು ಮತ್ತೆ ಕೈ ಚಾಚುತ್ತಿದ್ದರು. ಬೈದಿದ್ದರೆ ಚಲೋ ಇತ್ತು. ಚಾಚಿದ ಕೈ ಹಾಗೇ ಗಾಳಿಯಲ್ಲಿ ನಿಂತಿರುತ್ತಿತ್ತು. ರೋಗಿಯೂ ಆ ಕೈ ನೋಡುತ್ತಿದ್ದ, ನಾನೂ ನೋಡುತ್ತಿದ್ದೆ.

ಒಂದು ಉಪಾಯ ಮಾಡಿದೆ. ನೂರು ಪುಟದ ನೋಟ್‌ಬುಕ್ಕಿನಲ್ಲಿ ಒಂದೊಂದು ಸಾಮಾನನ್ನು ಇಟ್ಟು ಅದರ ಸುತ್ತ ಪೆನ್ಸಿಲ್ಲಿನಿಂದ ಗೆರೆ ಎಳೆದು, ಪಕ್ಕದಲ್ಲಿ ನನಗೆ ತಿಳಿದ ಹೆಸರು ಬರೆದೆ. ಗಿಣಿಮೂತಿ. ಕೊಕ್ಕರೆ. ಸಣ್ಣ ಸೌಟು. ಕೊಕ್ಕರೆಯಿಂದ ಮೇಲಿನ ದವಡೆ ಹಲ್ಲು, ಗಿಣಿಮೂತಿಯಿಂದ ಕೆಳಗಿನದು. ಎರಡು ತಿಂಗಳಲ್ಲಿ ಕೈ ಕೂತಿತು. ಮೇಜಿನ ಮೇಲೆ ಪ್ಲಾಸ್ಟರಿನ ಹಲ್ಲುಸೆಟ್ಟೊಂದಿತ್ತು. ಮಧ್ಯಾಹ್ನ ಮೇಡಂ ಊಟಕ್ಕೆ ಹೋದಾಗ ಅದರ ಬಾಯಿ ತೆಗೆದು ಮೂವತ್ತೆರಡನ್ನೂ ಎಣಿಸಿ ಎಣಿಸಿ ನಂಬರು ಕಲಿತೆ. ಒಂದು ದಿನ ಮೇಡಂ ಬಾಗಿಲಲ್ಲಿ ನಿಂತು ಇದನ್ನು ನೋಡಿದರು. ಮರುದಿನ ಬಾಯಿಯ ರೋಗಗಳ ಬಣ್ಣದ ಚಿತ್ರವಿದ್ದ ಒಂದು ಹಳೆಯ ಪುಸ್ತಕ ನನ್ನ ಕುರ್ಚಿಯ ಮೇಲೆ ಇತ್ತು. ಅದು ಇಂಗ್ಲಿಷ್ ಪುಸ್ತಕ, ಓದಲು ಬರಲಿಲ್ಲ. ಚಿತ್ರ ನೋಡಿದೆ. ಎರಡು ದಿನ ಊಟ ಸೇರಲಿಲ್ಲ, ಮೂರನೇ ದಿನದಿಂದ ಊಟ ಮಾಡುತ್ತಲೇ ನೋಡಿದೆ.

ತಪ್ಪು ಬೇಕಾದಷ್ಟು ಮಾಡಿದ್ದೇನೆ. ಒಬ್ಬ ಹೆಡ್‌ಮಾಸ್ತರರಿಗೆ ಸೂಜಿ ಚುಚ್ಚುವ ಮುಂಚೆಯೇ “ಏನೂ ಆಗಂಗಿಲ್ರಿ ಸರ್, ಹೆದರಬ್ಯಾಡ್ರಿ” ಅಂದೆ. ಅಲ್ಲಿಯವರೆಗೂ ಅವರು ಹೆದರಿರಲಿಲ್ಲ. ನಾನು ಹೇಳಿದ ಮೇಲೆ ಮೂರ್ಛೆ ಹೋದರು. ಅಂದಿನಿಂದ ಧೈರ್ಯ ಹೇಳುವುದು ಬಿಟ್ಟು, ಸುಮ್ಮನೆ ಭುಜದ ಮೇಲೆ ಕೈ ಇಡುತ್ತೇನೆ. ಇನ್ನೊಬ್ಬರ ತಪಾಸಣೆಯ ತುಂಡನ್ನು ಬಾಟಲಿಗೆ ಹಾಕಿ ಮೇಲೆ ಪೆನ್ನಿನಿಂದ ಹೆಸರು ಬರೆದು ಕಲಬುರಗಿಯ ಲ್ಯಾಬಿಗೆ ಅಂತ ಬಸ್ಸಿಗೆ ಕೊಟ್ಟೆ. ತುಂಡು ಕೆಡದಂತೆ ಇಡುವ ಔಷಧಿ ಮುಚ್ಚಳದಿಂದ ಸೋರಿ ಹೆಸರೆಲ್ಲ ಅಳಿಸಿ, ಅಲ್ಲಿಂದ ಫೋನು ಬಂತು: “ಇದು ಯಾರ ನಾಲಿಗಿರಿ?” ಅವತ್ತಿನ ಬಾಟಲಿ ಒಂದೇ ಇದ್ದದ್ದರಿಂದ ಬಚಾವಾದೆ. ಬಾಟಲಿಯ ಮೇಲೆ ಪೆನ್ಸಿಲ್ಲಿನಿಂದಲೇ ಬರೆಯಿರಿ. ಪೆನ್ಸಿಲ್ ಅಳಿಯುವುದಿಲ್ಲ. ಇದನ್ನು ಯಾವ ತರಬೇತಿಯಲ್ಲೂ ನನಗೆ ಹೇಳಿರಲಿಲ್ಲ.

ಇನ್ನು ಶಾಂತಮ್ಮ.

ನಲವತ್ತರ ಹತ್ತಿರದ ವಯಸ್ಸು. ಕಾಲುವೆ ನೀರಿನ ಗದ್ದೆಯಲ್ಲಿ ಭತ್ತದ ನೆಟ್ಟಿ ಹಚ್ಚುವ, ಕಳೆ ತೆಗೆಯುವ ಕೆಲಸ. ಗಂಡ ಶಹಾಪುರದ ಹತ್ತಿ ಮಿಲ್ಲಿನಲ್ಲಿ ಹಮಾಲ. ಎಡಗೆನ್ನೆಯ ಒಳಗೆ ನೆನೆದ ಕಡಲೆಕಾಳಿನಷ್ಟು ಗಂಟು. ಜೊತೆಗೆ ಬಂದಿದ್ದ ಅತ್ತೆ ಹಣಮವ್ವ ಸೊಸೆಗಿಂತ ಮುಂಚೆ ಬಾಯಿ ತೆಗೆದು ತನ್ನ ಕೆನ್ನೆಯಲ್ಲೇ ಬೆರಳಿಟ್ಟು ತೋರಿಸಿದಳು.

“ಇಲ್ಲಿ ನೋಡ್ರಿ, ಇಲ್ಲಿ ಅದ.”

“ಇದು ಯಾರಿಗಮ್ಮ ಆಗಿರೋದು?” ಅಂದರು ಮೇಡಂ.

“ನಮ್ಮ ಸೊಸಿಗ್ರಿ. ಆಕಿಗಿ ಮಾತಾಡಾಕ ಬರಂಗಿಲ್ಲ.”

“ಬರ್ತದ್ರಿ,” ಅಂದಳು ಶಾಂತಮ್ಮ. “ಈಕಿ ಬಿಟ್ಟರ ಬರ್ತದ.”

ಮೇಡಂ ಬಹಳ ಹೊತ್ತು ನೋಡಿದರು. ಬೆರಳಿನಿಂದ ಒತ್ತಿದರು, ಕನ್ನಡಿ ಇಟ್ಟು ನೋಡಿದರು. ಗಂಟಿನ ಪಕ್ಕ ಒಂದು ಬಿಳಿ ಮಚ್ಚೆ ಇತ್ತು. ಬಣ್ಣದ ಪುಸ್ತಕದಲ್ಲಿ ನಾನು ಅದನ್ನು ನೋಡಿದ್ದೆ.

“ತಂಬಾಕು ಹಾಕ್ತೀರಾ?”

“ಹಾಕ್ತೀನ್ರಿ. ಗದ್ಯಾಗ ಬಗ್ಗಿ ನಿಂತ್ರ ಹಸಿವು ತಡೀಬೇಕಲ್ರಿ.”

“ಯಾವ ಕಡೆ ಇಟ್ಕೊಳ್ತೀರಾ?”

ಶಾಂತಮ್ಮ ಎಡಗೆನ್ನೆ ಮುಟ್ಟಿಕೊಂಡಳು.

ಮೇಡಂ ಸುಳ್ಳು ಹೇಳುವವರಲ್ಲ. “ಗಂಟು ಹಲ್ಲಿಗೆ ಸಿಕ್ಕಿ ಸಿಕ್ಕಿ ಬೆಳೆದಿರಬಹುದು, ಅದು ದೊಡ್ಡದಲ್ಲ. ಆ ಬಿಳಿ ಮಚ್ಚೆ ನನಗೆ ಇಷ್ಟ ಆಗ್ತಿಲ್ಲ. ಎರಡನ್ನೂ ಸೇರಿಸಿ ತೆಗೀತೀನಿ, ತಪಾಸಣೆಗೆ ಕಳಿಸ್ತೀನಿ. ಕೆಟ್ಟದ್ದು ಇದೆಯಾ, ಇದ್ದರೆ ಬೇರು ಉಳಿದಿದೆಯಾ ಅಂತ ಆ ತುಂಡು ನೋಡಿಯೇ ಹೇಳಬೇಕು,” ಅಂದರು. ಗಂಡ ಬಂದು ಸಹಿ ಹಾಕಿ ಮಿಲ್ಲಿಗೆ ಓಡಿದ.

ಆಪರೇಷನ್ ಅರ್ಧ ತಾಸೂ ಆಗಲಿಲ್ಲ. ಕೆನ್ನೆಗೆ ಎರಡು ಕಡೆ ಸೂಜಿ, ಆಮೇಲೆ ಸಣ್ಣ ಬ್ಲೇಡು. ನನ್ನ ಕೆಲಸ ಕೆನ್ನೆಯನ್ನು ಹೊರಗೆ ಎಳೆದು ಹಿಡಿಯುವುದು, ರಕ್ತ ಎಳೆಯುವ ನಳಿಗೆ ಹಿಡಿಯುವುದು. ಶಾಂತಮ್ಮ ಚಾವಣಿಯ ಫ್ಯಾನು ನೋಡುತ್ತ ಮಲಗಿದ್ದಳು. ಒಂದು ಸಲ ಮಾತ್ರ ನನ್ನ ಸೀರೆಯ ಸೆರಗು ಹಿಡಿದುಕೊಂಡಳು, ಆಮೇಲೆ ಬಿಟ್ಟಳು. ಗಂಟು ಬಂತು. ಮೇಡಂ ಅದನ್ನು ಟ್ರೇಯಲ್ಲಿದ್ದ, ಗಾಯಕ್ಕೆ ಒತ್ತುವ ಗಾಜ್ ಬಟ್ಟೆಯ ಮೇಲಿಟ್ಟು, “ಬಾಟಲಿ” ಅಂದರು. ಅಂದವರೇ ಹೊಲಿಗೆ ಹಾಕಲು ಬಗ್ಗಿದರು. ಕಪ್ಪು ರೇಷ್ಮೆ ದಾರ, ನಾಲ್ಕು ಹೊಲಿಗೆ.

ಬಾಟಲಿ ಹೊರಗಿನ ಕಪಾಟಿನಲ್ಲಿತ್ತು. ಆಗಿನ ರೂಢಿ ಹಾಗೇ ಇತ್ತು: ತುಂಡು ಬಂದ ಮೇಲೆ ಹೊರಗೆ ಒಯ್ದು ಬಾಟಲಿಗೆ ಹಾಕುವುದು. ನಾನು ಗಾಜ್ ಬಟ್ಟೆಯನ್ನು ಮಡಚಿ ಕೈಯಲ್ಲಿ ಹಿಡಿದು ಬಾಗಿಲು ತೆಗೆದೆ. ಬಾಗಿಲಲ್ಲಿ ಹಣಮವ್ವ ನಿಂತಿದ್ದಳು. ಕೈ ಚಾಚಿದ್ದಳು.

“ತಾ ಯವ್ವಾ. ನಮ್ಮ ಹುಡುಗಿ ಮೈಯಾಗಿಂದು ನಮಗ ಕೊಡು.”

ನನ್ನ ಕೈ ಕೊಟ್ಟಿತು. ಬಾಯಿ ತನ್ನ ಕೆಲಸ ತಾನು ಮಾಡಿತು: “ಆಳ ತೋಡ್ರಿ ಅಮ್ಮಾ, ನಾಯಿ ಎಬ್ಬಸಬಾರದು.”

“ಗೊತ್ತೈತಿ ಬಿಡು,” ಅಂದಳು ಹಣಮವ್ವ.

ನಾನು ಕಪಾಟಿಗೆ ಹೋದೆ, ಬಾಟಲಿ ತೆಗೆದೆ, ಪೆನ್ಸಿಲ್ಲಿನಿಂದ ಶಾಂತಮ್ಮನ ಹೆಸರು, ವಯಸ್ಸು, ಎಡಗೆನ್ನೆ ಅಂತ ಚಂದಾಗಿ ಬರೆದೆ, ಮುಚ್ಚಳ ಬಿಗಿ ಮಾಡಿ ಮೇಡಂ ಮೇಜಿನ ಮೇಲಿಟ್ಟೆ. ಒಳಗೆ ಔಷಧಿ ಮಾತ್ರ ಇತ್ತು. ಇದು ನನಗೆ ಹೊಳೆಯಲಿಲ್ಲ. ಶಾಂತಮ್ಮನ ಬಾಯಿಗೆ ಗಾಜ್ ತುಂಡು ಕಚ್ಚಿಸಿ, “ಸಂಜಿತನಕ ಮಾತಾಡಬ್ಯಾಡ್ರಿ, ಉಗುಳಬ್ಯಾಡ್ರಿ, ಬಿಸಿದು ಕುಡೀಬ್ಯಾಡ್ರಿ” ಅಂತ ಹೇಳಿ ಬಸ್‌ಸ್ಟ್ಯಾಂಡಿಗೆ ಕಳಿಸಿದೆ.

ಮೇಡಂ ಇನ್ನೆರಡು ಹಲ್ಲು ಕಿತ್ತು, ಕೈ ತೊಳೆದು, ತಪಾಸಣೆಯ ಕಾಗದ ಬರೆಯಲು ಕೂತರು. ಬಾಟಲಿ ಎತ್ತಿ ಬೆಳಕಿಗೆ ಹಿಡಿದರು. ತಿರುಗಿಸಿದರು.

“ನಾಗಮ್ಮ, ಇದರೊಳಗೆ ಏನೂ ಇಲ್ಲ.”

ನಾನು ನೋಡಿದೆ. ಇರಲಿಲ್ಲ.

“ಎಲ್ಲಿ ಅದು?”

“ಕೊಟ್ಟೀನ್ರಿ.”

“ಯಾರಿಗೆ?”

“ಅವರ ಅತ್ತಿಗ್ರಿ.”

“ಯಾಕೆ?”

“ಕೇಳಿದ್ರು ರೀ.”

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಯುತ್ತಾರೆ ಅಂದುಕೊಂಡೆ. ಗಡಿಯಾರ ನೋಡಿದರು.

“ಅವರು ಅದನ್ನ ಏನು ಮಾಡ್ತಾರೆ?”

“ಹೊಲದಾಗ ಹೂಳ್ತಾರ್ರಿ.”

“ಎಷ್ಟು ಆಳ?”

ಆ ಪ್ರಶ್ನೆಗೆ ಉತ್ತರ ನನಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಮೇಡಂ ನಿಧಾನವಾಗಿ ತಿಳಿಸಿದರು. ಮಾಂಸ ಔಷಧಿಯಲ್ಲಿ ಮುಳುಗದೆ ಹೊರಗಿದ್ದರೆ ಕೆಲವೇ ತಾಸಿನಲ್ಲಿ ಕೊಳೆಯಲು ಶುರುವಾಗುತ್ತದೆ. ಆಮೇಲೆ ತಪಾಸಣೆ ಮಾಡುವವರು ಅದರಲ್ಲಿ ಏನೂ ಓದಲಾರರು. ಇನ್ನೊಂದು ತುಂಡು ತೆಗೆಯೋಣ ಅಂದರೆ ಅಲ್ಲಿ ಗಂಟೇ ಇಲ್ಲ, ಹೊಲಿದಾಗಿದೆ. ಒಳಗೆ ಬೇರು ಉಳಿದಿದ್ದರೆ ಅದು ಮತ್ತೆ ಮೇಲೆ ಬರುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಬಂದಾಗ ಬಹಳ ತಡವಾಗಿರಬಹುದು. ಇಷ್ಟನ್ನೂ ಸಣ್ಣ ದನಿಯಲ್ಲೇ ಹೇಳಿದರು.

ಚೀಟಿಯಲ್ಲಿದ್ದ ನಂಬರಿಗೆ ಫೋನ್ ಹಚ್ಚಿದೆ. ಫೋನು ಶಾಂತಮ್ಮನ ಹತ್ತಿರವೇ ಇತ್ತು. ಬಸ್ಸಿನ ಗದ್ದಲ.

“ಶಾಂತಮ್ಮ, ನಾ ದವಾಖಾನಿ ಆಯಾ. ಆ ಗಂಟ ಹೂಳಬ್ಯಾಡ್ರಿ!”

“ಹ್ಞೂಂ.”

“ನಿಮ್ಮ ಅತ್ತಿಗಿ ಫೋನ್ ಕೊಡ್ರಿ.”

“ಹ್ಞೂಂ.”

“ಕೊಟ್ರೇನು?”

“ಹ್ಞೂಂ.”

ಕಟ್ಟಾಯಿತು. ಮತ್ತೆ ಹಚ್ಚಿದರೆ ಹತ್ತಲಿಲ್ಲ. “ಹೂಂ ಅಂದಾರ್ರಿ ಮೇಡಂ” ಅಂದೆ.

“ಬಾಯಲ್ಲಿ ಬಟ್ಟೆ ಇದೆ, ಮಾತಾಡಬೇಡಿ ಅಂತ ನೀವೇ ಹೇಳಿದ್ದೀರಿ. ಅವಳು ಎಲ್ಲದಕ್ಕೂ ಹೂಂ ಅಂತಾಳೆ,” ಅಂದರು ಮೇಡಂ. ಬಾಟಲಿಯನ್ನು ನನ್ನ ಕೈಗೆ ಕೊಟ್ಟರು. “ನೀವೇ ಹೋಗಿ. ಸಿಕ್ಕ ಕೂಡಲೇ ಇದರೊಳಗೆ ಹಾಕಿ. ನಲ್ಲಿ ನೀರಲ್ಲಿ ತೊಳೀಬೇಡಿ, ಉಜ್ಜಬೇಡಿ.”

ಹುಣಸಗಿ ಬಸ್ಸು ಸಿಕ್ಕಿತು. ಬಾಟಲಿಯನ್ನು ಊಟದ ಚೀಲದಲ್ಲಿಟ್ಟು ತೊಡೆಯ ಮೇಲೆ ಹಿಡಿದುಕೊಂಡೆ. ಮುಚ್ಚಳದಿಂದ ವಾಸನೆ ಬರುತ್ತಿತ್ತು, ಪಕ್ಕದವಳ ಕಣ್ಣಲ್ಲಿ ನೀರು. ಕಂಡಕ್ಟರು ಬಗ್ಗಿ ನೋಡಿದ.

“ಏನ್ರಿ ಆಯಾ ಅದು?”

“ಔಷಧಿ.”

“ಯಾರಿಗಿ?”

“ಒಂದು ಗಂಟಿಗಿ.”

“ಗಂಟು ಎಲ್ಲದ?”

“ಇದಕ್ಕಿಂತ ಮೊದಲಿನ ಬಸ್ಸಿನಾಗ ಹೋಗ್ಯಾದ.”

ಅವನು ಟಿಕೆಟ್ ಹರಿದುಕೊಟ್ಟು ಹೋದ. ಆಮೇಲೆ ಹುಣಸಗಿ ಬರುವವರೆಗೂ ನನ್ನ ಕಡೆ ಬರಲಿಲ್ಲ.

ಅಲ್ಲಿಂದ ಒಂದು ಟಂಟಂ ಆಟೋದಲ್ಲಿ ಊರಿಗೆ ಹೋದೆ. ಶಾಂತಮ್ಮ ಮನೆಯ ಕಟ್ಟೆಯ ಮೇಲೆ ಕೆನ್ನೆ ಹಿಡಿದುಕೊಂಡು ಕೂತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು.

“ಅತ್ತಿ ಎಲ್ಲದಾಳ?”

ಕೈ ಮಾಡಿ ಗದ್ದೆಯ ಕಡೆ ತೋರಿಸಿದಳು. ನಾನು ಬಾಟಲಿ ತೆಗೆದು ತೋರಿಸಿದೆ. ಅವಳ ಹೆಸರು ಬರೆದದ್ದು ತೋರಿಸಿದೆ. ಒಳಗೆ ಏನೂ ಇಲ್ಲದ್ದೂ ತೋರಿಸಿದೆ. ತಪ್ಪು ನನ್ನದು, ಗಂಟು ಸಿಗದಿದ್ದರೆ ಕ್ಯಾನ್ಸರ್ ಹೌದೋ ಅಲ್ಲವೋ ತಿಳಿಯುವುದಿಲ್ಲ ಅಂತ ಹೇಳಿದೆ. ಆ ಪದ ನಾವು ರೋಗಿಗೆ ಹೇಳುವುದಿಲ್ಲ, ಡಾಕ್ಟರೇ ಹೇಳಬೇಕು. ಅವತ್ತು ಹೇಳಿದೆ. ಅವಳು ಬಾಟಲಿ ನೋಡಿದಳು, ನನ್ನನ್ನು ನೋಡಿದಳು. ಮುಂದೆ ನಡೆದಳು. ನಾನು ಹಿಂದೆ.

ಕಾಲುವೆಯ ಪಕ್ಕದ ದಿನ್ನೆಯ ಮೇಲೆ ಒಂದು ಬೇವಿನ ಗಿಡ. ಅದರ ಬುಡದಲ್ಲಿ ಹಣಮವ್ವ ಕೂತು ಸುಧಾರಿಸಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಸಲಿಕೆ. ಹೊಸ ಮಣ್ಣಿನ ಮೇಲೆ ಅರಿಸಿನ, ಮೇಲೊಂದು ಚಪ್ಪಡಿ ಕಲ್ಲು.

“ಬಂದೇನ ಯವ್ವಾ?” ಅಂದಳು. “ನೀ ಹೇಳಿದಂಗ ಆಳ ತೋಡೀನಿ. ಕಲ್ಲೂ ಹೇರೀನಿ. ನಾಯಿ ಅಲ್ಲ, ಅದರ ಅಪ್ಪ ಬಂದರೂ ಎಬ್ಬಸಂಗಿಲ್ಲ.”

“ಅಮ್ಮಾ, ತಪ್ಪಾಗ್ಯಾದ. ಅದು ಹೊಳ್ಳಿ ಬೇಕು.”

“ಏನು ಬೇಕು?”

“ಗಂಟು.”

ಹಣಮವ್ವ ಎದ್ದು ಕಲ್ಲಿನ ಮೇಲೆ ಕೂತಳು.

“ಮಣ್ಣಿಗಿ ಕೊಟ್ಟಿದ್ದು ತಗೀತಾರೇನ? ತಗದ್ರ ರೋಗ ಹೊಳ್ಳಿ ಬಾಯಿಗಿ ಬರ್ತದ. ನೀನ ಕೊಟ್ಟಿ, ನೀನ ಆಳ ತೋಡಂದಿ, ಈಗ ನೀನ ತಗಿ ಅಂತಿ. ಸರ್ಕಾರದ್ದು ಎಲ್ಲಾ ಹಿಂಗ ಏನು?”

“ಇದು ಸರ್ಕಾರದ್ದಲ್ಲಮ್ಮಾ, ನಂದು. ಹದಿನಾಕು ವರ್ಷ ಮಾಸ ಕೊಟ್ಟ ಕೈ ಇದು. ಕೊಡಬಾರದ್ದು ಕೊಟ್ಟೆ.”

“ಹಂಗಾರ ನಿನ್ನ ಕೈ ಹೂಳು. ಗಂಟ ಬಿಡು.”

ನಾನು ತಪಾಸಣೆಯ ಬಗ್ಗೆ ಹೇಳಿದೆ. ಬಿಳಿ ಮಚ್ಚೆಯ ಬಗ್ಗೆ ಹೇಳಿದೆ. ಬಣ್ಣದ ಪುಸ್ತಕದಲ್ಲಿ ಕಲಿತದ್ದೆಲ್ಲ ಹೇಳಿದೆ. ಅವಳು ಕಲ್ಲಿನ ಮೇಲಿಂದ ಏಳಲಿಲ್ಲ. “ನನ್ನ ಮಗಳಾದ್ರೂ ಇಷ್ಟು ನೋಡ್ತಿದ್ದಿಲ್ಲ ನಾ. ಈಕಿ ಬಾಯಾಗ ಮತ್ತ ಬಂದ್ರ ನೀ ಹೊಣೀನ?” ಅಂದಳು.

ಅಷ್ಟರಲ್ಲಿ ಸಲಿಕೆಯ ಸದ್ದು ಕೇಳಿತು. ಶಾಂತಮ್ಮ ಕಲ್ಲಿನ ಪಕ್ಕದ ಮಣ್ಣಿಗೆ ಹಾಕಿದ್ದಳು. ಇನ್ನೊಂದು ಹಾಕಿದಳು. ಮೂರನೆಯದು ಹಾಕಲು ಎತ್ತಿ, ಅತ್ತೆ ಕೂತ ಕಲ್ಲಿನ ಮುಂದೆ ಹಿಡಿದು ನಿಂತಳು. ಕೆನ್ನೆ ಊದಿತ್ತು, ತುಟಿಯ ಮೂಲೆಯಲ್ಲಿ ಸ್ವಲ್ಪ ರಕ್ತ. ಕಣ್ಣಿಂದಲೇ ಏಳು ಅಂದಳು.

ಹಣಮವ್ವ ಸೊಸೆಯ ತುಟಿಯ ರಕ್ತ ನೋಡಿದಳು.

“ಬಗ್ಗಬ್ಯಾಡಲೇ, ರಕ್ತ ಬರ್ತದ,” ಅಂದಳು. ಎದ್ದಳು. ಸಲಿಕೆ ಕಸಿದುಕೊಂಡು ನನ್ನ ಕೈಗೆ ಕೊಟ್ಟಳು. “ಆಳ ತೋಡಂದಾಕಿ ನೀನಽ ಅಲ್ಲೇನು? ತೋಡು.”

ತೋಡಿದೆ. ಹದಿನಾಲ್ಕು ವರ್ಷ ಮಂದಿಗೆ ಹೇಳಿದ ಕೆಲಸವನ್ನು ಮೊದಲ ಸಲ ನಾನು ಮಾಡಿದೆ. ಹಣಮವ್ವ ನಿಜವಾಗಿಯೂ ಆಳ ತೋಡಿದ್ದಳು. ನನ್ನ ತೊಡೆಮಟ್ಟದ ತಗ್ಗು ಆದರೂ ಏನೂ ಸಿಗಲಿಲ್ಲ. ಕಾಲುವೆಯ ತೇವಕ್ಕೆ ಮಣ್ಣು ಕೆಸರಾಗಿ ಸಲಿಕೆಗೆ ಹತ್ತುತ್ತಿತ್ತು. ಗಾಜ್ ಬಟ್ಟೆಯ ಸಣ್ಣ ಮಡಿಕೆ, ಅದರೊಳಗೆ ಕಡಲೆಯಷ್ಟು ಮಾಂಸ, ಈ ಕೆಸರಲ್ಲಿ ಏನು ಉಳಿದಿರುತ್ತದೆ ಅಂತ ಮನಸ್ಸಿನಲ್ಲೇ ಕೈ ಬಿಟ್ಟಿದ್ದೆ. ಟಣ್ ಅಂತ ಸದ್ದಾಯಿತು.

ತಗಡಿನ ಡಬ್ಬಿ. ಮುಚ್ಚಳ ಬಿಗಿಯಾಗಿತ್ತು.

“ಏನಮ್ಮಾ ಇದು?”

“ಆಕಿ ತಂಬಾಕಿನ ಡಬ್ಬಿ,” ಅಂದಳು ಹಣಮವ್ವ. “ಇದರಿಂದನ ಬಂದದ, ಇದರ ಜೋಡಿನ ಹೋಗಲಿ ಅಂತ ಅದರಾಗ ಇಟ್ಟೆ. ಇಪ್ಪತ್ತು ವರ್ಷ ಬಿಡು ಬಿಡು ಅಂದೆ. ಬಾಯಿ ಕಟ್ಟಿದಾಗರ ಒಯ್ಯಬೇಕಲ್ಲ.”

ಶಾಂತಮ್ಮ ತನ್ನ ಸೊಂಟದ ಸಂಚಿ ತಡವಿಕೊಂಡಳು. ಡಬ್ಬಿ ಹೋದದ್ದು ಅವಳಿಗೆ ಗೊತ್ತಾದದ್ದೇ ಆಗ.

ಮುಚ್ಚಳ ತೆಗೆದೆ. ಗಾಜ್ ಬಟ್ಟೆ ಇನ್ನೂ ಒದ್ದೆಯಿತ್ತು. ಕೆಸರು ಒಳಗೆ ಹೋಗಿರಲಿಲ್ಲ. ಗಂಟಿಗೆ ಅಲ್ಲಲ್ಲಿ ತಂಬಾಕಿನ ಪುಡಿ ಹತ್ತಿತ್ತು. ತೊಳೆಯಬೇಡಿ, ಉಜ್ಜಬೇಡಿ ಅಂದಿದ್ದರು, ಹಾಗೇ ಬಾಟಲಿಗೆ ಹಾಕಿದೆ. ಮುಳುಗಿತು. ಮೂವರೂ ಬಗ್ಗಿ ನೋಡಿದೆವು.

“ಇಷ್ಟಽ ಏನು?” ಅಂದಳು ಹಣಮವ್ವ.

ಖಾಲಿ ತಗ್ಗನ್ನು ಹಾಗೆ ಬಿಡಬಾರದಂತೆ. ತಂಬಾಕಿದ್ದ ಡಬ್ಬಿಯನ್ನು ಹಣಮವ್ವ ಮತ್ತೆ ಅದರಲ್ಲಿ ಇಟ್ಟಳು, ಮುಚ್ಚುವ ಕೆಲಸವನ್ನೂ ನನಗೇ ಹಚ್ಚಿದಳು. ಶಾಂತಮ್ಮ ಆ ಡಬ್ಬಿಯನ್ನು ಮಣ್ಣು ಪೂರ್ತಿ ಬೀಳುವವರೆಗೆ ನೋಡುತ್ತ ನಿಂತಿದ್ದಳು.

ಮರುದಿನ ನನಗೊಂದು ನೋಟೀಸು ಬಂತು. ಮೇಡಂ ನಡೆದದ್ದನ್ನು ಮುಚ್ಚಿಡಲಿಲ್ಲ, ನಾನೂ ಮುಚ್ಚಿಡಿ ಅನ್ನಲಿಲ್ಲ. ‘ಮಾನವ ಅಂಗಾಂಶವನ್ನು ಅನಧಿಕೃತ ವ್ಯಕ್ತಿಗೆ ಹಸ್ತಾಂತರಿಸಿದ ಬಗ್ಗೆ ಲಿಖಿತ ವಿವರಣೆ ನೀಡತಕ್ಕದ್ದು’ ಅಂತ ಇತ್ತು. ನಾಲ್ಕು ಸಾಲು ಬರೆದೆ: ಕೊಟ್ಟದ್ದು ನಿಜ. ಅಭ್ಯಾಸಬಲದಿಂದ ಕೊಟ್ಟೆ. ಅಗೆದು ತಂದೆ. ಇನ್ನು ಕೊಡುವುದಿಲ್ಲ. ದವಾಖಾನೆಯ ದೊಡ್ಡ ಸಾಹೇಬರು ಓದಿ, ಕನ್ನಡಕದ ಮೇಲಿಂದ ನೋಡಿ, “ಖರೇನ ಅಗದ್ಯೇನು?” ಅಂದರು. ನಾನು ಅಂಗೈಯ ಗುಳ್ಳೆ ತೋರಿಸಿದೆ. ಕಾಗದವನ್ನು ಫೈಲಿಗೆ ಹಾಕಿ, ಬೆಲ್ ಒತ್ತಿ ಮುಂದಿನವರನ್ನು ಕರೆದರು.

ಹತ್ತು ದಿನಕ್ಕೆ ವರದಿ ಬಂತು. ಮೇಡಂ ನನಗೆ ಕನ್ನಡದಲ್ಲಿ ಓದಿ ಹೇಳಿದರು. ಗಂಟು ಸಾದಾ ಗಂಟು. ಬಿಳಿ ಮಚ್ಚೆ ಸಾದಾ ಅಲ್ಲ. ಇನ್ನೂ ಕ್ಯಾನ್ಸರ್ ಆಗಿಲ್ಲ, ಆಗುವ ದಾರಿಯಲ್ಲಿದೆ, ಹಿಂದಿನ ಅಂಚಿನಲ್ಲಿ ಸ್ವಲ್ಪ ಉಳಿದಿದೆ. ಕೊನೆಗೆ ಒಂದು ಸಾಲು: ‘ಮಾದರಿಯ ಮೇಲೆ ತಂಬಾಕಿನಂಥ ಹೊರಗಿನ ಪದಾರ್ಥ ಕಂಡುಬಂದಿದೆ.’

“ಇದಕ್ಕೆ ನಾನು ಏನು ಉತ್ತರ ಬರೀಲಿ?” ಅಂದರು ಮೇಡಂ.

“ಖರೇನ ಅದಲ್ರಿ.”

“ಅದೇ ತೊಂದರೆ,” ಅಂದರು.

ಶಾಂತಮ್ಮನನ್ನು ಮತ್ತೆ ಕರೆಸಿದೆವು. ಬರುತ್ತಾಳೋ ಇಲ್ಲವೋ ಅನ್ನುವ ಅಂಜಿಕೆ ನನಗಿತ್ತು. ತಗ್ಗು ತೆಗೆದದ್ದಕ್ಕೇ ರೋಗ ಹೊಳ್ಳಿ ಬಂತು ಅಂತ ಹಣಮವ್ವ ತಿಳಿದುಕೊಂಡರೆ ಮುಗಿಯಿತು. ಇಬ್ಬರೂ ಬಂದರು. ಮೇಡಂ ಕನ್ನಡಿ ಹಿಡಿದು ಹಣಮವ್ವನಿಗೇ ಸೊಸೆಯ ಕೆನ್ನೆಯ ಒಳಗೆ ತೋರಿಸಿದರು. ಹಣಮವ್ವ ಬಹಳ ಹೊತ್ತು ನೋಡಿದಳು. “ಹೂತಿದ್ದು ಅಲ್ಲ ಇದು,” ಅಂದಳು ಕೊನೆಗೆ. “ಹೂಳದಽ ಉಳದದ್ದು.”

ಎರಡನೇ ಆಪರೇಷನ್ನಿನಲ್ಲಿ ಬಾಟಲಿಯನ್ನು ಮೊದಲೇ ಟ್ರೇಯ ಮೇಲಿಟ್ಟೆ, ಮುಚ್ಚಳ ತೆಗೆದೇ ಇಟ್ಟೆ. ಮೇಡಂ ಚಿಮಟದಿಂದ ತುಂಡನ್ನು ತಾವೇ ನೇರವಾಗಿ ಬಾಟಲಿಗೆ ಹಾಕಿದರು. ಹಾಕಿದ ಮೇಲೆ ನಾನು ಗಟ್ಟಿಯಾಗಿ “ಬಿತ್ತು” ಅಂದೆ. ಹಾಗಂದ ಮೇಲೆಯೇ ಮೇಡಂ ಹೊಲಿಗೆಗೆ ಬಗ್ಗಿದರು. ಈ ರೂಢಿ ಆ ಕೋಣೆಯಲ್ಲಿ ಹಾಗೇ ಉಳಿಯಿತು. ನಿಮ್ಮನ್ನು ಅಲ್ಲಿಗೆ ಹಾಕಿದ್ದರೆ, “ಬಿತ್ತು” ಅಂತ ಯಾಕೆ ಕೂಗಬೇಕು ಅಂತ ಯಾರೂ ಹೇಳಿರಲಿಕ್ಕಿಲ್ಲ. ಇದಕ್ಕೇ.

ಎಂಟನೇ ದಿನ ಹೊಲಿಗೆ ತೆಗೆಸಲು ಬಂದರು. ಅವತ್ತೇ ಬೆಳಿಗ್ಗೆ ಎರಡನೇ ವರದಿ ಬಂದಿತ್ತು. ಸುತ್ತಲಿನ ಅಂಚು ಸ್ವಚ್ಛ, ಏನೂ ಉಳಿದಿಲ್ಲ. ಮೇಡಂ ಹೇಳಿದಾಗ ಶಾಂತಮ್ಮ, “ಹಂಗಾರ ಗದ್ದಿಗಿ ಹೋಗಬಹುದೇನ್ರಿ?” ಅಂತ ಕೇಳಿದಳು.

“ಹೋಗಿ. ಮೂರು ತಿಂಗಳಿಗೊಮ್ಮೆ ಬಂದು ಬಾಯಿ ತೋರಿಸಿ. ತಂಬಾಕು?”

“ಡಬ್ಬಿನ ಇಲ್ರಿ,” ಅಂದಳು ಶಾಂತಮ್ಮ, ಅತ್ತೆಯ ಕಡೆ ನೋಡುತ್ತ.

ಮೇಡಂ ಈ ಸಲದ ಐದು ಹೊಲಿಗೆ ಕತ್ತರಿಸಿ ಗಾಜ್ ಬಟ್ಟೆಯ ಮೇಲಿಟ್ಟರು. ಕಪ್ಪು ದಾರದ ಐದು ಚೂರು, ಇರುವೆ ಕೂತ ಹಾಗೆ. ಟ್ರೇ ಹಿಡಿದು ಬಾಗಿಲು ತೆಗೆದೆ. ಹಣಮವ್ವ ಅದೇ ಜಾಗದಲ್ಲಿ ನಿಂತಿದ್ದಳು. ಈ ಸಲ ಕೈ ಚಾಚಿರಲಿಲ್ಲ. ಎರಡೂ ಕೈ ಸೆರಗಿನಲ್ಲಿ ಸುತ್ತಿಕೊಂಡಿದ್ದಳು.

“ಬಾಟಲಿಗಿ ಹಾಕಿದೇನ?”

“ಹೋದ ಸಲದ್ದು ಹಾಕೀನಮ್ಮಾ. ತಪಾಸಣೀನೂ ಆತು. ಏನೂ ಇಲ್ಲ.”

“ಇದು?”

“ದಾರ.”

ಅವಳು ದಾರವನ್ನೇ ನೋಡುತ್ತ ನಿಂತಳು. ನಾನು ತಿರುಗಿ ಮೇಡಂ ಕಡೆ ನೋಡಿದೆ. ದಾರವೂ ಹಳದಿ ಚೀಲಕ್ಕೇ ಹೋಗಬೇಕು, ನೀವು ಅದನ್ನೇ ಮಾಡಿ, ನನ್ನ ಹಾಗೆ ಮಾಡಬೇಡಿ. ಮೇಡಂ ಕೈ ತೊಳೆಯುತ್ತಿದ್ದರು. ನಲ್ಲಿ ಜೋರಾಗಿ ಬಿಟ್ಟು, ಬೆನ್ನು ತಿರುಗಿಸಿಯೇ ಹೇಳಿದರು: “ಕೇಳಿದ್ದನ್ನ ಕೊಡಿ, ನಾಗಮ್ಮ.”

ಗಾಜ್ ಬಟ್ಟೆ ಮಡಚಿ ಹಣಮವ್ವನ ಕೈಗೆ ಕೊಟ್ಟೆ. ಅವಳು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಸೊಸೆಯನ್ನು ಮುಂದೆ ಬಿಟ್ಟುಕೊಂಡು ನಾಲ್ಕು ಹೆಜ್ಜೆ ಹೋದವಳು ತಿರುಗಿ ನಿಂತಳು.

“ಇದಕ್ಕೂ ಆಳ ತೋಡಬೇಕೇನ?”

“ಬ್ಯಾಡಮ್ಮಾ,” ಅಂದೆ. “ಇದಕ್ಕ ಒಂದು ಗೇಣು ಸಾಕು.”